ಇಡ್ಲಿ ಸ್ಟೀಮರಿನ ಬಾಗಿಲು

ಕೈಯಾರೆ ಒಂದು ಉಕುಲೆಲೆ, ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರು, ಮಾಡಬೇಕೆಂದು ಹೊರಟು ಎರಡು ವರ್ಷವಾಯಿತು. ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದರ ಬೆನ್ನು, ಕುತ್ತಿಗೆ, ಒಂದು ಪಕ್ಕ ಸಿದ್ಧವಾಗಿ ಬಿದ್ದಿವೆ. ಇನ್ನೊಂದು ಪಕ್ಕ ಇಲ್ಲ. ಅದಿಲ್ಲದೆ ಉಳಿದದ್ದೆಲ್ಲ ಸೌದೆ.

ಪಕ್ಕವೆಂದರೆ ತೆಳ್ಳಗೆ ಕೀಸಿದ ಒಂದೂವರೆ ಅಡಿಯ ಮರದ ಪಟ್ಟಿ. ಹಬೆಯಲ್ಲಿ ಮೆತ್ತಗಾಗಿಸಿ, ಆರುವ ಮೊದಲೇ ಅಚ್ಚಿಗೆ ಒತ್ತಿ ಸೊಂಟ ಬರುವಂತೆ ಬಗ್ಗಿಸಬೇಕು. ಹಬೆಗೆ ನಮ್ಮಲ್ಲಿ ಬರವಿಲ್ಲ. ಅಣ್ಣನಿಗೆ ಠಾಣೆ ನಗರದಲ್ಲಿ ಹೋಟೆಲಿದೆ. ಮಧ್ಯಾಹ್ನದ ಬಿಡುವಿನಲ್ಲಿ ಕಪಾಟಿನಂಥ ದೊಡ್ಡ ಇಡ್ಲಿ ಸ್ಟೀಮರ್ ಬಿಟ್ಟುಕೊಟ್ಟ. "ಇದಕ್ಕೆ ಸಾಂಬಾರ್ ಬೇಕಾ, ಚಟ್ನಿ ಸಾಕಾ?" ಎಂದು ನಕ್ಕ.

ಮೊದಲ ಪಟ್ಟಿ ಚೆನ್ನಾಗಿ ಬಗ್ಗಿತು. ಎರಡನೆಯದು ಸೊಂಟದಲ್ಲಿ ಬಿರಿಯಿತು. ಅಣ್ಣ ನಡುವೆ ಸ್ಟೀಮರಿನ ಬಾಗಿಲು ತೆಗೆದು ಹಬೆ ಬಿಟ್ಟದ್ದೇ ಕಾರಣವೆಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ, ಅವನ ಎದುರಿಗೂ. ಅವನು ವಾದಿಸಲಿಲ್ಲ. ಕಳೆದ ವಾರ ಉಲ್ಹಾಸನಗರದಿಂದ ಅದೇ ಜಾತಿಯ ಮರ ತರಿಸಿ ಫೋನ್ ಮಾಡಿದ: "ಸೋಮವಾರ ಬಾ ಮಾರಾಯ. ಬಾಗಿಲು ನಾನು ಮುಟ್ಟುದಿಲ್ಲ."

ಬಿರಿದ ಪಟ್ಟಿಗೆ ಅಂದು ಎಷ್ಟು ನಿಮಿಷ ಹಬೆ ಕೊಟ್ಟಿದ್ದೆನೆಂದು ನೋಡಲು ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರ: "ಹದ ಬಂತೇ ಎಂದು ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆಗೆದೆ. ಬಂದಿರಲಿಲ್ಲ. ಮುಚ್ಚಿದೆ." ಅಣ್ಣನ ಸುದ್ದಿಯೇ ಇಲ್ಲ. ಆದರೆ ಬಾಗಿಲ ಹಿಡಿಯ ಮೇಲೆ ಅವನ ಕೈ ನನಗೆ ಈಗಲೂ ಕಾಣುತ್ತದೆ, ಬೆರಳಿನ ಉಂಗುರ ಸಮೇತ. ಆ ಉಂಗುರ ನಾನು ಬೇರೆ ಯಾವತ್ತೋ ನೋಡಿದ್ದಿರಬೇಕು.

ಸೋಮವಾರ ಪಟ್ಟಿಯನ್ನು ಒಳಗಿಡುವ ಮೊದಲೇ ಹೇಳಿಬಿಟ್ಟೆ. "ಅಣ್ಣ, ಅವತ್ತು ಬಾಗಿಲು ತೆಗ್ದದ್ದು ನಾನು. ಡೈರಿಯಲ್ಲಿ ಉಂಟು."

"ಎಂತ ಡೈರಿ? ನಾನೇ ತೆಗ್ದದ್ದು. ಹಬೆ ಕೈಗೆ ಹೊಡ್ದದ್ದು ನಂಗೆ ನೆನಪುಂಟು."

ನಾನು ಹೇಳಿ ಹೇಳಿಯೇ ಆ ಬಿಸಿ ಅವನ ಕೈಗೆ ತಾಗಿತೇ? ಅಥವಾ ಅಂದು ನಾನು ಬರೆದದ್ದೇ ಅರ್ಧವೇ? ಪಟ್ಟಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿದೆ.

ನಲವತ್ತು ನಿಮಿಷ ಇಬ್ಬರೂ ಕೈಕಟ್ಟಿಕೊಂಡು ಸ್ಟೀಮರಿನ ಮುಂದೆ ನಿಂತೆವು. ಯಾರೂ ಮುಟ್ಟಲಿಲ್ಲ. ಪಟ್ಟಿ ಹೊರತೆಗೆದು ಅಚ್ಚಿಗೆ ಒತ್ತಿದೆ. ಟಕ್. ಅದೇ ಜಾಗ, ಸೊಂಟ.

ಅಣ್ಣ ಪಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. "ಈ ಸಲ ಯಾರು ತೆಗ್ದದ್ದು? ಬರ್ಕೋ ನಿನ್ನ ಡೈರಿಯಲ್ಲಿ."

ಯಾರೂ ತೆಗೆಯಲಿಲ್ಲ ಎಂದು ಅಲ್ಲೇ ಗಲ್ಲಾದ ಬಳಿ ಕುಳಿತು ಬರೆದೆ. ಕೆಳಗೆ ಅವನ ಸಹಿಯನ್ನೂ ಹಾಕಿಸಿಕೊಂಡೆ.