ಕಾರಿಗೆ ಕೀಲಿ ಬಿದ್ದ ದಿನ

ನಾನು ಕಾರಿಗೆ ಕೀಲಿ ಹಾಕಿದವಳೇ ಅಲ್ಲ. ಅದು ಹಳೆಯ ಬಿಳಿ ಕಾರು. ಬಿಳಿ ಎನ್ನುವುದು ಈಗ ಬರೀ ಮರ್ಯಾದೆಗೆ ಹೇಳುವ ಮಾತು. ನಾನಿರುವುದು ಹಿರೇಕೆರೂರಿನಲ್ಲಿ, ತವರು ಹಾನಗಲ್ಲು. ಸಂತೆಯ ದಿನ ಹಾನಗಲ್ಲಿಗೆ ಹೋದರೆ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ, ಚಾವಿಯನ್ನು ಅಲ್ಲೇ ಜೋತಾಡಲು ಬಿಟ್ಟು ಇಳಿದುಬಿಡುತ್ತೇನೆ. ಯಾರ ಟೆಂಪೋಗಾದರೂ ಅಡ್ಡವಾದರೆ ಅವರೇ ಸರಿಸಿ ಇಡುತ್ತಾರೆ. ತವರಿನ ಓಣಿಯ ಹೆಂಗಸರು ಕಾಯಿಪಲ್ಲೆಯ ಚೀಲಗಳನ್ನು ಹಿಂದಿನ ಸೀಟಿಗೆ ತುಂಬಿ, ಕೈ ಬೀಸಿಕೊಂಡು ಮತ್ತೆ ಸಂತೆಯೊಳಗೆ ಹೋಗುತ್ತಾರೆ. ಒಮ್ಮೆ ಬಾಗಿಲು ತೆಗೆದರೆ ಕಾಲು ಕಟ್ಟಿದ ಹುಂಜವೊಂದು ನನ್ನ ಜಾಗದಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. "ಇದು ಕಾರಲ್ಲ, ಊರ ಕಟ್ಟಿ" ಎಂದು ನನ್ನ ಗಂಡ ಬೈಯುತ್ತಾರೆ. ಬೈಯಲಿ. ನನ್ನ ತವರಿನ ಮಂದಿಗೆ ನಾನು ಬಾಗಿಲು ಹಾಕಿಕೊಳ್ಳಲೇ?

ಹೀಗೆ ಇದ್ದವಳಿಗೆ ಹೋದ ಬೇಸಿಗೆಯಲ್ಲಿ ಬುದ್ಧಿ ಬಂತು. ಬುದ್ಧಿ ಬಂತೋ ಬೇರೇನು ಬಂತೋ, ಹೇಳುತ್ತೇನೆ.

ನನಗೊಬ್ಬಳು ಅಕ್ಕ. ಹಾನಗಲ್ಲಿನಲ್ಲೇ ಮನೆ. ಸುತ್ತಿನ ಊರುಗಳಲ್ಲಿ ಮದುಮಗಳಿಗೆ ಮೊಗ್ಗಿನ ಜಡೆ ಹೆಣೆಯುವುದೆಂದರೆ ಅವಳೇ. ಅರಳದ ಮಲ್ಲಿಗೆ ಮೊಗ್ಗುಗಳನ್ನು ಒಂದೊಂದಾಗಿ ಸೂಜಿಗೆ ಏರಿಸಿ, ಬಾಳೆನಾರಿನಲ್ಲಿ ಕಟ್ಟಿ, ಬೆನ್ನ ಮೇಲೆ ಇಳಿಬಿಡುವ ಜಡೆ. ಯಾರದಾದರೂ ಮದುವೆ ಗೊತ್ತಾದರೆ ಮೊದಲು ಅಕ್ಕನಿಗೆ ಹೇಳಿ ಆಮೇಲೆ ಅಡುಗೆಯವರಿಗೆ ಹೇಳುತ್ತಿದ್ದರು. ಅವಳ ಸ್ವಂತ ಹೆರಳೂ ಹಾಗೇ ಇತ್ತು. ಮಂಡಿ ಮುಟ್ಟುವ, ಕೈಹಿಡಿಗೆ ಸಿಗದ ಹೆರಳು. ಸಣ್ಣವಳಿದ್ದಾಗ ಸಿಟ್ಟು ಬಂದರೆ ನಾನು ಅದನ್ನೇ ಹಿಡಿದು ಜಗ್ಗುತ್ತಿದ್ದೆ.

ಆ ಹೆರಳು ಹೋಯಿತು. ಎದೆಯಲ್ಲಿ ಗಂಟು ಕಂಡಿತು, ಆಪರೇಷನ್ ಆಯಿತು, ಆಮೇಲಿನ ಔಷಧಿಗೆ ಕೂದಲು ಹಿಡಿಹಿಡಿಯಾಗಿ ದಿಂಬಿನ ಮೇಲೆ ಬಂದವು. ಹಾನಗಲ್ಲಿನಲ್ಲಿದ್ದರೆ ಗೊತ್ತಾಗುತ್ತದೆಂದು ಅಕ್ಕ ಹಿರೇಕೆರೂರಿಗೆ, ನನ್ನ ಮನೆಗೆ ಬಂದುಬಿಟ್ಟಳು. ಊರಲ್ಲಿ ಮಂಡಿನೋವು ಎಂದು ಹೇಳಿದ್ದೆವು. ನಾನು ಬೈದೆ, "ರೋಗ ಬಂದದ್ದು ಕಳ್ಳತನ ಅಲ್ಲ, ಯಾಕ ಮುಚ್ಚಿಡತಿ?" ಎಂದು. ಅಕ್ಕ ಮೆಲ್ಲಗೆ ಅಂದಳು, "ನಿನಗ ತಿಳಿಯಂಗಿಲ್ಲ. ಬೋಳತಲಿ ಹೆಂಗಸು ಮದುಮಗಳ ತಲಿಗೆ ಕೈ ಹಚ್ಚತಾಳಂದ್ರ ಯಾವ ತಾಯಿ ಕರೀತಾಳ? ಯಾರೂ ಬ್ಯಾಡ ಅನ್ನಂಗಿಲ್ಲ. ಸುಮ್ನ ಕರಿಯೂದು ಬಿಡತಾರ."

ಅದು ನಿಜವಿತ್ತು. ಅಲ್ಲದಿದ್ದರೆ ನಾನು ಬಿಡುವವಳಲ್ಲ.

ಔಷಧಿ ಮುಗಿದು ಸ್ವಲ್ಪ ಮೈ ಹಿಡಿದ ಮೇಲೆ ಸವಣೂರಿನಿಂದ ಫೋನು ಬಂತು. ಹಿಂದೆ ಅಕ್ಕನೇ ಜಡೆ ಹೆಣೆದಿದ್ದ ಹುಡುಗಿಯೊಬ್ಬಳು ಈಗ ತಾಯಿಯಾಗಿ, ತನ್ನ ಮಗಳ ಮದುವೆಗೆ ಕರೆಯುತ್ತಿದ್ದಳು. "ನನಗ ಹೆಣೆದ ಕೈಲೇ ನನ್ನ ಮಗಳಿಗೂ ಆಗಬೇಕ್ರಿ ಅಕ್ಕಾರ" ಎಂದಳಂತೆ. ಫೋನು ಇಟ್ಟ ಅಕ್ಕನ ಮುಖದಲ್ಲಿ ತಿಂಗಳುಗಳಿಂದ ಇಲ್ಲದ ಕಳೆ ಬಂದಿತ್ತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸಪ್ಪಳ ಮಾಡಿದೆ, ಅಳು ಕೇಳಬಾರದೆಂದು.

ಮದುವೆಯ ಹಿಂದಿನ ದಿನ, ನಿಶ್ಚಯದ ಬೆಳಿಗ್ಗೆ ಹೊರಟೆವು. ಅಕ್ಕನ ತಲೆಯ ಮೇಲೆ ವಿಗ್ಗು, ಮಡಿಲಲ್ಲಿ ಸೂಜಿ ದಾರದ ದುಂಡನೆಯ ಸ್ಟೀಲ್ ಡಬ್ಬಿ. ದಾರಿಯಲ್ಲಿ ಹಾನಗಲ್ಲು, ಅಂದು ಸಂತೆ ಬೇರೆ. ಮೊಗ್ಗನ್ನು ತನ್ನ ಖಾಯಂ ಹೂವಿನವಳ ಹತ್ತಿರವೇ ಆರಿಸಬೇಕೆಂದು ಅಕ್ಕನ ಹಟ. ನಾನು ತಂದರೆ ಅರ್ಧ ಅರಳಿದ್ದನ್ನು ತರುತ್ತೇನಂತೆ. ಸೆಕೆಗೆ ಅವಳ ತಲೆ ತುರಿಸಿ ಬೆಂದುಹೋಗಿತ್ತು. ವಿಗ್ಗು ತೆಗೆದು, ಆಕಾರ ಕೆಡಬಾರದೆಂದು ಡಬ್ಬಿಯ ಮೇಲೆ ಬೋರಲು ಹಾಕಿ, ತನ್ನ ಸೀಟಿನಲ್ಲಿಟ್ಟು, ತಲೆ ತುಂಬ ಸೆರಗು ಹೊದ್ದು ಇಳಿದಳು. ನಮ್ಮ ಕಡೆ ಆ ವಯಸ್ಸಿನ ಹೆಂಗಸರ ತಲೆಯ ಮೇಲಿನ ಸೆರಗನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. "ಕೀಲಿ ಹಾಕಬೇ" ಎಂದಳು. "ಈಗ ಬರ್ತೇವಲ್ಲ, ಬಾ" ಎಂದೆ.

ಹೂವಿನವಳು ಅಕ್ಕನನ್ನು ಕಂಡು ಬುಟ್ಟಿ ಬಿಟ್ಟು ಎದ್ದಳು. "ಎಲ್ಲಿ ಹೋಗಿದ್ರೀ ಅಕ್ಕಾರ, ಮಂಡಿ ಹೆಂಗದಾವು?" ಎಂದು ಕೈ ಹಿಡಿದಳು. ಮಂಡಿಯ ಬಗ್ಗೆ ಅಕ್ಕ ಎಷ್ಟು ಚಂದ ಸುಳ್ಳು ಹೇಳಿದಳೆಂದರೆ ನನಗೇ ಅವಳ ಮಂಡಿಯ ಮೇಲೆ ಕನಿಕರ ಬಂತು. ಹಸಿಬಟ್ಟೆಯಲ್ಲಿ ಮೊಗ್ಗು ಕಟ್ಟಿಸಿಕೊಂಡು ತಿರುಗಿ ಬಂದು ಬಾಗಿಲಿಗೆ ಕೈ ಹಾಕಿದೆ.

ಬಾಗಿಲು ಬರಲಿಲ್ಲ. ಆಚೆ ಬದಿಯದೂ ಬರಲಿಲ್ಲ. ಗಾಜಿನ ಮೇಲೆ ವೈಪರಿಗೆ ಸಿಕ್ಕಿಸಿದ ಚೀಟಿ: ನಿಮ್ಮ ವಾಹನ ತೆರೆದಿತ್ತು, ಪೊಲೀಸರು ಲಾಕ್ ಮಾಡಿದ್ದಾರೆ, ಎಚ್ಚರ ವಹಿಸಿ. ಸಂತೆಯಲ್ಲಿ ಕಾರುಗಳಿಂದ ಸಾಮಾನು ಕಳುವಾಗುತ್ತಿದ್ದವಂತೆ. ಅದಕ್ಕೆ ಪೊಲೀಸರು ನಿಂತ ಕಾರುಗಳ ಹಿಡಿಕೆ ಜಗ್ಗಿ ನೋಡಿ, ತೆರೆದಿದ್ದರೆ ಒಳಗಿನ ಗುಂಡಿ ಒತ್ತಿ ಹಾಕಿ ಹೋಗುತ್ತಿದ್ದರು. ನನಗೇನು ಗೊತ್ತು? ಚಾವಿ ಒಳಗೆ ಆರಾಮಾಗಿ ಜೋತಾಡುತ್ತಿತ್ತು.

"ನನ್ನ ಕಾರಿನ ಬಾಗಿಲಾ ತಗಿಯಾಕ ಇವ್ರ್ಯಾರು? ನಾಳೆ ಮನಿಗೆ ಬಂದು ಅಡಗಿಮನಿ ಕದಾ ತಗದು ಗ್ಯಾಸ್ ಬಂದ್ ಮಾಡತಾರೇನು?" ನಾನು ಕೂಗಾಡುತ್ತಿದ್ದೆ. ಅಕ್ಕ ನನ್ನ ತೋಳು ಹಿಡಿದು ಗಾಜಿನೊಳಗೆ ತೋರಿಸಿದಳು. ಗಾಜು ಒರೆಸಲು ನಾನು ಹಿಂದಿನ ಸೀಟಿನಲ್ಲಿಟ್ಟಿದ್ದ ಟಾವೆಲು ಈಗ ಮುಂದಿನ ಸೀಟಿನಲ್ಲಿತ್ತು. ವಿಗ್ಗಿನ ಮೇಲೆ ಹೊದಿಸಿತ್ತು.

"ಯಾರೋ ನೋಡ್ಯಾರಬೇ" ಎಂದಳು ಅಕ್ಕ.

ಅಷ್ಟರಲ್ಲಿ ನಮ್ಮ ಓಣಿಯ ಮುದುಕಿಯೊಬ್ಬಳು ಚೀಲ ಹೊತ್ತು ಬಂದಳು. ಹಿಂದೆ ಇನ್ನೂ ಮೂರ್ನಾಲ್ಕು ಜನ. ಎಂದಿನಂತೆ ಹಿಂದಿನ ಬಾಗಿಲು ಜಗ್ಗಿ, "ಇದೇನಬೇ, ಕಾರಿಗೆ ಕೀಲಿ ಜಡದೀಯಲ್ಲ? ನಾವು ಕಳ್ಳರಾದಿವೇನು ಈಗ?" ಎಂದು ಮುಖ ಊದಿಸಿದಳು. ವಿಷಯ ಹೇಳಿದೆ. ಹೇಳಬಾರದಿತ್ತು. ಸಹಾಯಕ್ಕೆಂದು ಎಲ್ಲರೂ ಗಾಜಿಗೆ ಮುಖ ಹಚ್ಚಿದರು. ಟಾವೆಲು ಒಂದು ಬದಿಗೆ ಜಾರಿತ್ತು; ದುಂಡಗೆ, ಕರ್ರಗೆ ಕೂದಲು ಕಾಣುತ್ತಿತ್ತು.

"ಯವ್ವಾ! ಕೂಸು!" ಎಂದು ಚೀರಿದಳು ಮುದುಕಿ. "ಬಿಸಲಾಗ ಕೂಸಿನ್ನ ಮಲಗಿಸಿ ಕೀಲಿ ಹಾಕ್ಯಾರ!"

"ಯಾರ ಕೂಸಬೇ? ಈ ವಯಸ್ಸಿನ್ಯಾಗ ನಾ ಹಡೀಲೇನು?"

"ಹಂಗಾದ್ರ ಆ ತಲಿ ಯಾರದು?"

ಗುಂಪು ಬೆಳೆಯಿತು. ಉಸಿರು ಕಟ್ಟುತ್ತದೆ, ಗಾಜು ಒಡೀರಿ ಎಂದು ಒಬ್ಬ ಆಗಲೇ ಕಲ್ಲು ಎತ್ತಿದ್ದ. ಒಡೆದರೆ ಟಾವೆಲು ಎಳೆಯುತ್ತಾರೆ. ಎಳೆದರೆ ಅಕ್ಕನ ಗುಟ್ಟು ಇಡೀ ಸಂತೆಯ ಕೈಗೆ. ಅವಳು ಎರಡೂ ಕೈಯಿಂದ ಸೆರಗನ್ನು ಗಲ್ಲದ ಕೆಳಗೆ ಬಿಗಿಹಿಡಿದು ನಿಂತಿದ್ದಳು. ಇಷ್ಟು ಹೆದರಿದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

"ಕಲ್ಲು ಕೆಳಗಿಡ್ರಿ!"

ಗುಂಪು ಸೀಳಿಕೊಂಡು ಬಂದವಳು ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಸಣ್ಣ ವಯಸ್ಸು, ಮುಖವೆಲ್ಲ ಬೆವರು. "ಒಳಗ ಕೂಸಿಲ್ಲ. ಕೀಲಿ ಹಾಕಿದಾಕಿ ನಾನ. ನೋಡೇನಿ."

"ಮತ್ತೇನೈತ್ರಿ ಅದು?" ಕಲ್ಲಿನವನು ಕೇಳಿದ.

"ಅವ್ರ ಸಾಮಾನು."

"ಎಂಥಾ ಸಾಮಾನು?"

"ಅವ್ರ ಸಾಮಾನು ಅಂದ್ನೆಲ್ಲ. ನಿಮ್ಮ ಚೀಲದಾಗ ಏನೈತಂತ ನಾ ಕೇಳೇನೇನು? ಸರೀರಿ ಹಿಂದಕ್ಕ."

ಹೇಳುತ್ತಲೇ ಅವಳು ಅಕ್ಕನ ಸೀಟಿನ ಕಡೆಯ ಗಾಜಿಗೆ ಬೆನ್ನು ಕೊಟ್ಟು ನಿಂತಳು. ಅವಳೇ ಹೇಳಿಕಳಿಸಿದ ಗ್ಯಾರೇಜಿನವನು ಸ್ಟೀಲ್ ಪಟ್ಟಿ ಹಿಡಿದು ಬಂದಾಗ ಅವನನ್ನು ಆಚೆ ಬದಿಯ ಹಿಂದಿನ ಬಾಗಿಲಿಗೆ ಕಳಿಸಿದಳು. ಅವನು ಗಾಜಿನ ಸಂದಿಯಲ್ಲಿ ಪಟ್ಟಿ ಇಳಿಸಿ ಹೆಣಗಾಡುವಷ್ಟು ಹೊತ್ತೂ ಅವಳು ಆ ಗಾಜಿನಿಂದ ಅಲುಗಲಿಲ್ಲ. ಯಾರಾದರೂ ಇಣುಕಲು ಬಂದರೆ ಅವರ ಮುಖವನ್ನೇ ನೋಡುತ್ತಿದ್ದಳು, ಅವರೇ ನಾಚಿ ಸರಿಯುವವರೆಗೆ.

ಬಾಗಿಲು ತೆರೆಯಿತು, ಗುಂಪು ಕರಗಿತು. ಮುದುಕಿ ತನ್ನ ಚೀಲವನ್ನು ಹಿಂದಿನ ಸೀಟಿಗೆ ಒಗೆದು, "ಹೊಳ್ಳಿ ಬರೂವಾಗ ನಮ್ಮ ಮನಿಗೆ ಇಳಿಸಿ ಹೋಗು" ಎಂದು ಅಪ್ಪಣೆ ಕೊಟ್ಟು ಹೋದಳು. ನನ್ನ ಸಿಟ್ಟು ಇಳಿದಿರಲಿಲ್ಲ. ಕಾನ್‌ಸ್ಟೇಬಲ್ ಹುಡುಗಿಯನ್ನು ಹಿಡಿದುಕೊಂಡೆ.

"ಬಾಗಿಲಾ ತಗದು ಒಳಗ ಕೈ ಹಾಕಾಕ ನಿನಗ ಯಾರವ್ವ ಹೇಳಿದ್ರು?"

"ಮ್ಯಾಲಿನವ್ರು ಹೇಳ್ಯಾರ್ರಿ, ತಗದಿದ್ದ ಕಾರಿಗೆ ಲಾಕ್ ಮಾಡ್ರಿ ಅಂತ. ಚಾವಿ ಒಳಗಿತ್ತು, ನೋಡಲಿಲ್ಲ. ತಪ್ಪಾತ್ರಿ."

"ಎದುರಿಗೆ ಜೋತಾಡೋ ಚಾವಿ ಕಾಣಲಿಲ್ಲ, ಅದು ಕಾಣ್ತೇನು?"

ಅವಳು ತಲೆ ತಗ್ಗಿಸಿದಳು. "ಅದು ಕಂಡ ಮ್ಯಾಲೆ ಇನ್ನೇನೂ ನೋಡಬಾರದು ಅನ್ನಿಸ್ತರಿ. ಟಾವೆಲ್ ಹೊಚ್ಚಿ, ಮಾರಿ ಆಕಡೆ ಮಾಡಿ ಬಾಗಿಲಾ ಹಾಕಿದೆ. ಅದಕ್ಕ ಚಾವಿ ಕಾಣಲಿಲ್ಲ."

ಇದಕ್ಕೆ ಏನು ಬೈಯುವುದು? ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. ನನ್ನ ಗಂಡ ಅಲ್ಲಿದ್ದಿದ್ದರೆ ಕಣ್ಣು ತುಂಬ ನೋಡುತ್ತಿದ್ದರು. ಅಕ್ಕ ಹಸಿಬಟ್ಟೆ ಬಿಚ್ಚಿ ಹಿಡಿ ಮೊಗ್ಗು ತೆಗೆದು ಅವಳ ಕೈಗೆ ಕೊಟ್ಟಳು. "ಡ್ಯೂಟಿ ಮ್ಯಾಲೆ ಮುಡಿಯಂಗಿಲ್ರಿ" ಎಂದಳು ಹುಡುಗಿ. "ಕಿಸೆದಾಗ ಇಟ್ಕೋ ತಂಗಿ. ಸಂಜೀಕ ಅರಳತಾವು" ಎಂದಳು ಅಕ್ಕ.

ಬಂಕಾಪುರ ದಾಟಿದೆವು. ಹೊಲದಿಂದ ನವಿಲೊಂದು ರಸ್ತೆಗೆ ಬಂದಿತು. ಅದು ತನ್ನ ಗತ್ತಿನಲ್ಲಿ ದಾಟಲಿ ಎಂದು ಕಾರು ನಿಲ್ಲಿಸಿದೆ. ಆಗ ಅಕ್ಕ ಅಂದಳು, "ನಾ ಸವಣೂರಾಗ ಹೇಳಿಬಿಡತೇನಿ."

"ಹುಚ್ಚು ಹಿಡದೈತೇನು? ಆ ಹುಡುಗಿ ಯಾರಿಗೂ ಹೇಳಂಗಿಲ್ಲ."

"ಅದಕ್ಕಲ್ಲಬೇ. ಇವತ್ತ ಗಾಜಿನ ಮುಂದ ನಿಂತಾಗ ಜೀವಾ ಹೋದಂಗಾತು. ಯಾವಾಗ ಯಾರು ಬಾಗಿಲಾ ತಗೀತಾರೋ ಅಂತ ದಿನಾ ಹಂಗ ನಿಂದ್ರೂದು ನನ್ನ ಕೈಲೆ ಆಗೂದಿಲ್ಲ. ಯಾರಿಗೆ ತೋರಿಸಬೇಕೋ ಅವರಿಗೆ ನಾನ ತಗದು ತೋರಸ್ತೇನಿ. ಬ್ಯಾಡ ಅಂದ್ರ ಹೊಳ್ಳಿ ಬರೂಣು."

ಬೇಡ ಅಂದರೆ ಅವಳು ಆ ಡಬ್ಬಿಯನ್ನು ಮತ್ತೆ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ನವಿಲು ದಾಟಿ ಹೋಗಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಸವಣೂರಿನ ಮನೆಯಲ್ಲಿ ಬೀಗರು ಆಗಲೇ ಬಂದಿದ್ದರು, ಪಡಸಾಲೆ ತುಂಬ ಗದ್ದಲ. ಒಳಕೋಣೆಯಲ್ಲಿ ಮದುಮಗಳು, ಅವಳ ತಾಯಿ, ನಾವಿಬ್ಬರು. ಅಕ್ಕ ತಾನೇ ಬಾಗಿಲು ಹಾಕಿದಳು. ಕುಳಿತುಕೊಳ್ಳಲಿಲ್ಲ. ಸೆರಗು ಸರಿಸಿ, ವಿಗ್ಗು ತೆಗೆದು ನನ್ನ ಕೈಗಿತ್ತಳು. ಅವಳ ತಲೆಯ ಮೇಲೆ ಆಗಷ್ಟೇ ಬೂದಿ ಬಣ್ಣದ ನವಿರು ಮೂಡುತ್ತಿತ್ತು.

"ಮಂಡಿನೋವಲ್ಲ ತಂಗಿ. ಎದಿ ಗಂಟಿಂದು. ಔಷಧಿ ಮುಗದಾವು" ಎಂದಳು ತಾಯಿಯನ್ನು ನೋಡುತ್ತ. "ನನ್ನ ಕೈ ನಿನ್ನ ಮಗಳ ತಲಿಗೆ ಬ್ಯಾಡಂದ್ರ ಈಗ ಹೇಳು. ನನಗ ಬ್ಯಾಸರಿಲ್ಲ."

ತಾಯಿ ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಇವಳು ಒಂದು ಮಾತು ಹೆಚ್ಚುಕಡಿಮೆ ಆಡಿದರೆ ಬೀಗರ ಎದುರೇ ಜಗಳ ತೆಗೆಯುತ್ತೇನೆ ಎಂದುಕೊಂಡೆ.

ಮದುಮಗಳು ಎದ್ದಳು. ಮಣೆಯನ್ನು ಅಕ್ಕನ ಕಾಲಬಳಿಗೆ ಎಳೆದುಕೊಂಡು, ಬೆನ್ನು ತಿರುಗಿಸಿ ಕುಳಿತು, ತಲೆಯ ಕ್ಲಿಪ್ಪು ಕಿತ್ತಳು. ಕೂದಲು ನೆಲದವರೆಗೆ ಇಳಿಯಿತು.

"ಬಿಗಿ ಹೆಣೀರಿ ಅತ್ತಿ. ನಾಳಿ ಅಕ್ಕಿಕಾಳು ಬೀಳೂತನಕ ಬಿಚ್ಚಬಾರದು."

ಅಕ್ಕ ಕುಳಿತಳು. ಡಬ್ಬಿ ತೆರೆದಳು. ಮೊದಲಿಗೆ ದಾರವೇ ಸೂಜಿಗೆ ಹೋಗಲೊಲ್ಲದು. ಆಮೇಲೆ ಬೆರಳುಗಳಿಗೆ ನೆನಪು ಬಂತು. ಅರ್ಧ ಜಡೆ ಆಗಿರಬೇಕು, ಹೊರಗಿನಿಂದ ಯಾರೋ ಬೀಗರ ಹೆಂಗಸು ಬಾಗಿಲು ಬಡಿದಳು. "ಚಿಲಕಾ ತಗೀರಿ, ಜಡಿ ನೋಡೂಣು! ನಮಗೂ ತೋರಸ್ರಿ!"

ಅಕ್ಕನ ಕೈ ನಿಂತಿತು. ಸೆರಗು ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ. ಜಡೆ ಬಿಟ್ಟರೆ ಜಾರುತ್ತದೆ. ತಾಯಿ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತವಳು, ಅಕ್ಕನ ಬರಿತಲೆಯನ್ನು ಒಮ್ಮೆ ನೋಡಿದಳು. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಈಗ ತಗಿಯಂಗಿಲ್ರೀ" ಎಂದು ಕೂಗಿ ಹೇಳಿದಳು. "ಒಳಗ ನಮ್ಮ ಮನಿ ಹೆಣ್ಣಮಕ್ಕಳು ಅದಾರ."

ನನ್ನ ಕಣ್ಣು ಮಂಜಾಯಿತು. ಅಕ್ಕ ನನ್ನತ್ತ ಕೈ ಚಾಚಿದಳು.

"ಮೊಗ್ಗು ಕೊಡಬೇ, ಏನ್ ನೋಡ್ತಿ?"