ಅರ್ಧ ಲೀಟರ್ ನೀರಿನ ವುಜೂ

ಬೆಳಗಿನ ಐದು ಗಂಟೆಗೆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮೊದಲು ಕೇಳುವುದು ಬಕೆಟ್ಟಿನ ಹಿಡಿಕೆಯ ಸದ್ದು. ಬೆಚ್ಚಗಿನ ನೀರು, ಎರಡು ಬೋಗುಣಿ, ಮೂತಿಯಿರುವ ಮಗ್ಗು, ಹೆಗಲ ಮೇಲೊಂದು ಟವೆಲ್ಲು ಹಿಡಿದು ಆಯಾ ಬರುತ್ತಾರೆ. ರೋಗಿಗಳ ಬಾಯಲ್ಲಿ ಅವರು 'ನೀರಿನ ಆಪಾ', ನೀರಿನ ಅಕ್ಕ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ಶುದ್ಧರಾಗುವುದಕ್ಕೆ ವುಜೂ ಎನ್ನುತ್ತಾರೆ. ಹಾಸಿಗೆ ಬಿಟ್ಟು ಏಳಲಾರದವರಿಗೆ ಅದನ್ನು ಮಾಡಿಸುವುದು ಆಯಾ ಕೆಲಸದ ಪಟ್ಟಿಯಲ್ಲಿಲ್ಲ. ಹದಿನಾಲ್ಕು ವರ್ಷದಿಂದ ಇವರು ಮಾಡಿಸುತ್ತಲೇ ಇದ್ದಾರೆ.

ಇವತ್ತು ಮಾತ್ರ ಆಪಾ ಒಂದು ಹಾಸಿಗೆಯನ್ನು ಕೊನೆಗೆ ಉಳಿಸಿಕೊಂಡಿದ್ದಾರೆ. ಹನ್ನೊಂದನೇ ಹಾಸಿಗೆಯ ಟೈಲರಮ್ಮ ನಮಾಜು ಬಿಟ್ಟು ಮೂರು ವಾರವಾಗಿದೆ. ಬಿಡಿಸಿದ್ದು ಬೇರೆ ಯಾರೂ ಅಲ್ಲ, ಇದೇ ಆಪಾ.

ವಾರ್ಡಿನಲ್ಲಿ ಇಪ್ಪತ್ತೆಂಟು ಹಾಸಿಗೆ. ಒಂದು ಪಾಳಿಯಲ್ಲಿ ಮೂವತ್ತೈದು ಸಲವಾದರೂ ಬೆಡ್‌ಪ್ಯಾನ್ ಎತ್ತಬೇಕು. ಪ್ರತಿ ಸಲವೂ ಶೌಚಾಲಯದ ಬಾಗಿಲಲ್ಲಿ, ಎಡಗಾಲು ಒಳಗಿಡುವ ಮುಂಚೆ, ಕೊಳಕಿನಿಂದ ಕೆಡುಕಿನಿಂದ ಕಾಪಾಡು ಎಂಬ ದುಆ ಅವರ ತುಟಿಯ ಮೇಲೆ ಆಡುತ್ತದೆ. ಬಲಗಾಲು ಹೊರಗಿಟ್ಟ ಮೇಲೆ 'ಗುಫ್ರಾನಕ', ನಿನ್ನ ಕ್ಷಮೆ ಬೇಡುತ್ತೇನೆ. ಅಷ್ಟು ಸಲವೂ ಹೇಳುತ್ತೀರಾ ಎಂದು ನಾವು ಕೇಳಿದರೆ ನಗುತ್ತಾರೆ. "ಕಾಲು ಎತ್ತಿಟ್ರೆ ಬಾಯಿ ತಾನಾಗೇ ಶುರು ಹಚ್ಕೊಳ್ಳುತ್ತೆ. ಈ ಕೆಲಸಕ್ಕೆ ಜನ ಮೂಗು ಮುಚ್ಕೋತಾರೆ. ದುಆ ಹೇಳ್ಕೊಂಡ್ರೆ ನಂಗೆ ಹಾಗೆ ಅನ್ಸಲ್ಲ."

ಕೈ ಪಳಗಿದ್ದು ತಾಯಿಯ ಮೇಲೆ. ತಾಯಿ ಎಂಟು ತಿಂಗಳು ಮಲಗಿದಲ್ಲೇ ಇದ್ದರು. "ಮೊದಮೊದಲು ಅಮ್ಮಿಗಿಂತ ಹಾಸಿಗೆಗೇ ಜಾಸ್ತಿ ವುಜೂ ಆಗ್ತಿತ್ತು," ಎನ್ನುತ್ತಾರೆ. ಈಗ ಮೊಣಕೈ ಕೆಳಗೆ ಟವೆಲ್ಲು, ಪಾದದ ಕೆಳಗೆ ಬೋಗುಣಿ. ಅರ್ಧ ಲೀಟರ್ ನೀರಿನಲ್ಲಿ ಎಲ್ಲ ಮುಗಿಯುತ್ತದೆ, ಹಾಸಿಗೆಗೆ ಒಂದು ಹನಿಯೂ ತಾಗುವುದಿಲ್ಲ.

ಹೀಗಿದ್ದವರು ಒಂದು ಮಾತಿನಲ್ಲಿ ಎಡವಿದರು. ಆಪರೇಷನ್ ಆಗಿ, ಮೂತ್ರಕ್ಕೆ ಪೈಪು, ಚೀಲ ಹಾಕಿಸಿಕೊಂಡು ಬಂದ ಟೈಲರಮ್ಮ, "ಇದಿಟ್ಕೊಂಡು ನಮಾಜ್ ಆಗುತ್ತೇನೇ?" ಎಂದು ಕೇಳಿದ್ದರು. "ಚೀಲ ತೆಗೆದ ಮೇಲೆ ಮಾಡಿದ್ರಾಯ್ತು ಬಿಡಿ," ಎಂದುಬಿಟ್ಟರು ಆಪಾ. ನಿನ್ನೆ ಡಾಕ್ಟರು ಬಂದು, ಪೈಪು ಇನ್ನು ಜೀವನಪೂರ್ತಿ ಎಂದರು. ಟೈಲರಮ್ಮ ಗೋಡೆಯ ಕಡೆ ತಿರುಗಿ ಮಲಗಿದವರು ಊಟಕ್ಕೂ ಏಳಲಿಲ್ಲ.

ಇದನ್ನು ಕಂಡ ಆಪಾ ಪಾಳಿ ಮುಗಿದದ್ದೇ ಎದುರಿನ ಮಸೀದಿಗೆ ಓಡಿ ಮುದಿ ಮೌಲ್ವಿಯವರನ್ನು ಕೇಳಿದರು. ಮೂತ್ರ ಹೋದರೆ ವುಜೂ ಮುರಿಯುತ್ತದೆ ನಿಜ, ಆದರೆ ಹೀಗೆ ನಿಲ್ಲದೆ ಹರಿಯುವ ಕಾಯಿಲೆ ಇದ್ದವರು ಪ್ರತಿ ನಮಾಜಿನ ಹೊತ್ತಾದ ಮೇಲೆ ಹೊಸದಾಗಿ ವುಜೂ ಮಾಡಿದರೆ ಸಾಕು, ಮಲಗಿಯೂ ನಮಾಜ್ ಓದಬಹುದು, ಎಂದರು ಅವರು. "ಇಷ್ಟು ಸುಲಭದ್ದಕ್ಕೆ ನಾನು ಬಾಗಿಲು ಹಾಕಿ ಕೂತಿದ್ನಲ್ಲ," ಎಂದು ಹೇಳುವಾಗ ಆಪಾ ಕಣ್ಣಲ್ಲಿ ನೀರು.

ಉಳಿದವರಿಗೆಲ್ಲ ನೀರು ಕೊಟ್ಟಾಗಿದೆ. ಅಜಾನ್ ಮುಗಿಯುವುದನ್ನೇ ಕಾದಿದ್ದು ಹನ್ನೊಂದನೇ ಹಾಸಿಗೆಗೆ ಬರುತ್ತಾರೆ. ಚೀಲ ಖಾಲಿ ಮಾಡಿ, ಪೈಪು ಒರೆಸಿ, ದುಪ್ಪಟಿ ಬದಲಿಸಿ, ಕೈ ತೊಳೆದುಕೊಂಡು ಬಂದು ನಿಲ್ಲುತ್ತಾರೆ.

"ಅಮ್ಮಾ, ನಾನು ಹೇಳಿದ್ದು ತಪ್ಪು. ಗೊತ್ತಿಲ್ದೆ ದೊಡ್ಡ ಮೌಲ್ವಿ ಥರ ಮಾತಾಡ್ಬಿಟ್ಟೆ. ಅವರನ್ನೇ ಕೇಳ್ಕೊಂಡು ಬಂದಿದೀನಿ, ನಮಾಜ್ ಆಗುತ್ತೆ. ಮಾಫ್ ಮಾಡಿ."

"ಮೂರು ವಾರ ನಾನು ಹೊಲಸು ಅಂದ್ಕೊಂಡು ಬಿದ್ದಿದ್ದೆ ಕಣೇ," ಎನ್ನುತ್ತಾರೆ ಟೈಲರಮ್ಮ, ಗೋಡೆಗೇ.

ಆಪಾ ಹಾಸಿಗೆಯ ಅಂಚಿಗೆ ಟವೆಲ್ಲು ಹಾಸಿ ಬೋಗುಣಿ ಇಡುತ್ತಾರೆ. ಗೋಡೆಯ ಕಡೆಯಿಂದ ಒಂದು ಕೈ ಚಾಚುತ್ತದೆ. ಬಿಸ್ಮಿಲ್ಲಾ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳ ನಡುವೆ ನೀರು ಇಳಿಯುತ್ತದೆ. ಮುಖ, ಮೊಣಕೈ, ತಲೆಗೊಂದು ಒದ್ದೆ ಸವರು, ಕೊನೆಗೆ ಪಾದ. ಶುದ್ಧರಾದವರ ಸಾಲಿಗೆ ನನ್ನನ್ನೂ ಸೇರಿಸು ಎಂಬ ದುಆವನ್ನು ಟೈಲರಮ್ಮ ಅರ್ಧಕ್ಕೆ ಮರೆಯುತ್ತಾರೆ. ಮುಂದಿನ ಮಾತನ್ನು ಆಪಾ ಎತ್ತಿಕೊಡುತ್ತಾರೆ.

ಇನ್ನು ಮುಂದೆ ನಿಮಗೇನು ಆಸೆ ಎಂದು ನಾವು ಕೇಳಿದರೆ ಆಪಾ ಬೋಗುಣಿ ಎತ್ತುತ್ತಾ ಹೇಳುತ್ತಾರೆ: "ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನೋ ಬುದ್ಧಿ ಅಲ್ಲಾ ಕೊಡ್ಲಿ. ಅಷ್ಟೇ."

ನಮಾಜು ಮುಗಿಸಿದ ಟೈಲರಮ್ಮ ಈ ಕಡೆ ತಿರುಗುತ್ತಾರೆ. "ಮಧ್ಯಾಹ್ನದ್ದಕ್ಕೂ ನೀರು ತರ್ತೀಯೇನೇ?"

"ತರ್ದೆ ಇರ್ತೀನಾ ಅಮ್ಮಾ," ಎನ್ನುತ್ತಾರೆ ಆಪಾ.