ಟವೆಲ್ ಮುಚ್ಚಿ ಬರೆದದ್ದು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಪಂಪ್‌ಸೆಟ್ಟಿನ ಬೆಲ್ಟಿಗೆ ಸಿಕ್ಕು ಹೋದದ್ದಂತೆ. ಕೀಲಿಮಣೆಯಲ್ಲಿ ಆ ಬೆರಳು ಬಿದ್ದ ಕೀಲಿಯ ಸದ್ದು ಮಾತ್ರ ಬೇರೆ, ಮೆತ್ತಗೆ. ಕೊಟ್ಟೂರಿನಲ್ಲಿ ಟೈಪಿಂಗ್ ಕ್ಲಾಸು ನಡೆಸಿ, ಆಮೇಲೆ ಅದೇ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ನಮಗೆ ಜಾವಾ ಪ್ರೋಗ್ರಾಮಿಂಗ್ ಕಲಿಸಿದ ಸರ್ ಅವರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಟೈಪಿಂಗ್ ಕಾಲದ ಅಭ್ಯಾಸವೊಂದನ್ನು ಅವರು ಬಿಟ್ಟಿರಲಿಲ್ಲ: ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ, "ನೋಡ್ದಂಗ ಹೊಡೀರಿ" ಅನ್ನುತ್ತಿದ್ದರು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದವಳು. ಯಾರು ಏನೇ ಹೇಳಲಿ, ಪುರಾವೆ ಕೇಳದೆ ಬಿಡುತ್ತಿರಲಿಲ್ಲ. ಪ್ರೋಗ್ರಾಮಿನಲ್ಲಿ ಮಾಹಿತಿ ಇಡುವ ಪೆಟ್ಟಿಗೆಯಂಥ ಆಬ್ಜೆಕ್ಟಿನ ಒಳಗಿನ ಖಾನೆಗೆ ಪ್ರೈವೇಟ್ ಅಂತ ಬರೆದರೆ ಹೊರಗಿನವರು ಓದಲಾಗದು ಎಂದು ಸರ್ ಒಂದು ದಿನ ಕಲಿಸಿದರು. ಹದಿನೈದು ದಿನ ಕಳೆದು ರಿಫ್ಲೆಕ್ಷನ್ ಪಾಠ. ನಡೆಯುತ್ತಿರುವ ಪ್ರೋಗ್ರಾಮು ಒಂದು ಆಬ್ಜೆಕ್ಟನ್ನು ಹಿಡಿದು, ನಿನ್ನಲ್ಲಿ ಯಾವ ಯಾವ ಖಾನೆಗಳಿವೆ, ಒಂದೊಂದರಲ್ಲಿ ಏನಿದೆ ಎಂದು ಕೇಳಬಹುದಂತೆ. ಒಂದು ಸಾಲು ಹೆಚ್ಚಿಗೆ ಬರೆದರೆ ಪ್ರೈವೇಟ್ ಖಾನೆಯೂ ಬಾಯಿ ಬಿಡುತ್ತದಂತೆ. ನಾನು ಎದ್ದು ನಿಂತೆ.

"ಹಂಗಾರ ಅವತ್ತು ಹೇಳಿದ್ದು ಸುಳ್ಳೇನ್ರಿ ಸರ್?"

"ಎರಡೂ ಖರೇನ ನೋಡವ್ವ. ಹೆಂಗ ಅಂತ ನನಗೂ ಪೂರಾ ತಿಳಿದಿಲ್ಲ."

ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು. ಗೆದ್ದೆ ಅಂದುಕೊಂಡೆ, ಆದರೆ ಎದುರಾಳಿ ಹೀಗೆ ಸಲೀಸಾಗಿ ಒಪ್ಪಿಕೊಂಡುಬಿಟ್ಟರೆ ಗೆದ್ದದ್ದಾದರೂ ಏನನ್ನು?

ಮುಂದಿನ ತಂಡಕ್ಕೆ ಪಾಠ ಮಾಡಲು ನಮ್ಮಲ್ಲೊಬ್ಬರನ್ನು ಅವರು ಆರಿಸುವವರಿದ್ದರು. ನನಗೆ ಆ ಕೆಲಸ ಬೇಕಿತ್ತು. ಅವರೇ ಬರೆದ ಪ್ರೋಗ್ರಾಮಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಆಬ್ಜೆಕ್ಟ್. ಅದರೊಳಗೆ ಅಭಿಪ್ರಾಯ ಎಂಬ ಪ್ರೈವೇಟ್ ಖಾನೆ. ಅವರ ಪಾಸ್‌ವರ್ಡ್ ಇಲ್ಲದೆ ಅದು ಕಾಣುತ್ತಿರಲಿಲ್ಲ. ಅವರು ಊಟಕ್ಕೆ ಹೋದಾಗ, ಅವರೇ ಕಲಿಸಿದ ಸಾಲುಗಳನ್ನು ಬರೆದು ಎಲ್ಲರ ಖಾನೆ ತೆರೆದೆ. ಕೂಡ್ಲಿಗಿಯಿಂದ ಬರುತ್ತಿದ್ದ ಗೆಳತಿಯ ಖಾನೆಯಲ್ಲಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, "ನಿಧಾನ, ಆದರೆ ಬಿಡುವವಳಲ್ಲ" ಎಂದಿತ್ತು. ನನ್ನದರಲ್ಲಿ ನಲ್. ಅಂದರೆ ಏನೂ ಇಲ್ಲ.

ಮೂರು ದಿನ ತಲೆ ಕೆಟ್ಟುಹೋಯಿತು. ನನ್ನ ಮೇಲೆ ಸಿಟ್ಟೇ? ಹೇಳುವಂಥದ್ದೇನೂ ಇವಳಲ್ಲಿಲ್ಲ ಎಂದೇ? ಮರೆತರೇ? ಕೇಳಿದರೆ ಕದ್ದು ನೋಡಿದ್ದು ಗೊತ್ತಾಗುತ್ತದೆ. ಕೇಳಿಯೇಬಿಟ್ಟೆ.

"ನಂದೊಂದು ಯಾಕ ಖಾಲಿ ಬಿಟ್ಟೀರಿ ಸರ್?"

ಅವರು ಬೈಯಲಿಲ್ಲ. "ಖಾನಿ ಖಾಲಿ ಐತಿ ಅಂತ ಅಷ್ಟ ಹೇಳ್ತೈತಿ ತಂಗಿ ಅದು. ಯಾಕ ಖಾಲಿ ಅಂತ ಅದನ್ನ ಕೇಳಾಕ ಬರಂಗಿಲ್ಲ" ಎಂದರು. ಹೆಗಲ ಮೇಲಿನ ಟವೆಲ್ ತೆಗೆದು ಈ ಸಲ ಪರದೆಗೆ ಹೊದಿಸಿದರು. ನನ್ನ ರೋಲ್ ನಂಬರ್ ಹೊಡೆದು, ನನ್ನ ಮುಂದೆಯೇ, ನೋಡದೆ ಏನೋ ಟೈಪು ಮಾಡತೊಡಗಿದರು. ನಡುನಡುವೆ ಉಗುರಿಲ್ಲದ ಬೆರಳಿನ ಮೆತ್ತನೆ ಸದ್ದು. ಕೊನೆಗೆ ಎಂಟರ್ ಒತ್ತಿ, ಕೋಣೆಯ ಬೀಗದ ಕೈ ನನಗೆ ಕೊಟ್ಟು, "ನಾಳಿಂದ ಮುಂಜಾನಿ ಕ್ಲಾಸ್ ನಿಂದು" ಎಂದರು.

ಅಲ್ಲಿ ಎರಡು ವರ್ಷ ಕಲಿಸಿದೆ, ರಿಫ್ಲೆಕ್ಷನ್ ಪಾಠವನ್ನೂ. ಆ ಕಂಪ್ಯೂಟರ್ ದಿನವೂ ಎದುರಿಗಿತ್ತು. ನನ್ನ ಖಾನೆ ತೆರೆಯಲು ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಗೌರವಕ್ಕೋ ಹೆದರಿಕೆಗೋ, ನನ್ನ ಜೊತೆ ನಾನೇ ವಾದಿಸಿ ಇಂದಿಗೂ ಗೆದ್ದಿಲ್ಲ. ಸರ್ ತೀರಿಕೊಂಡ ಮೇಲೆ ಆ ಯಂತ್ರಗಳೆಲ್ಲ ಗುಜರಿಗೆ ಹೋದವು.

ಅವತ್ತು ಟವೆಲ್ ಮುಚ್ಚಿ ಸರ್ ಬಹಳ ಹೊತ್ತು ಟೈಪು ಮಾಡಿದರು. ನನಗೆ ಗೊತ್ತಿರುವುದು ಅಷ್ಟೇ.